ಹಸಿಮೈಯ ಕುರಿಗಳು

ಪೇತ್ರೋವ್ರಿಸಿ, ಎಪಿರಸ್
27 ಸೆಪ್ಟೆಂಬರ್ 1983

ಮಗಳೇ ಅರೆತಿ,

ಇವತ್ತು ಉಪವಾಸ. ಬೆಳಕು ಹರಿಯುವ ಮೊದಲೇ ಎದ್ದು ದೇವಮಾತೆಯ ಪಟದ ಮುಂದೆ ದೀಪ ಹಚ್ಚಿದೆ, ಒಲೆಯ ಬೂದಿ ಬಳಿದೆ, ಎರಡು ಆಡು ಕರೆದೆ, ಕೋಳಿಗಳಿಗೆ ಕಾಳು ಚೆಲ್ಲಿದೆ. ಹಾಲು ಕಾಸಿ ನಮ್ಮ ಮನೆಯವರ ಮುಂದಿಟ್ಟೆ. ನನ್ನದು ಒಣರೊಟ್ಟಿ, ನಾಲ್ಕು ಆಲಿವ್ ಕಾಯಿ, ಒಂದು ಗೊಂಚಲು ದ್ರಾಕ್ಷಿಯಲ್ಲಿ ಮುಗಿಯಿತು. ಅವರು ಮಂದೆ ಹೊಡೆದುಕೊಂಡು ಹೋದ ಮೇಲೆ ಹಿಟ್ಟಿನ ಪೆಟ್ಟಿಗೆಯ ಮೇಲೆ ಕಾಗದ ಇಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ.

ಸುದ್ದಿ ಒಳ್ಳೆಯದಲ್ಲ. ಬೇರೆಯವರ ಬಾಯಿಂದ ನಿನಗೆ ತಲುಪಬಾರದೆಂದು ನಾನೇ ಬರೆಯುತ್ತಿದ್ದೇನೆ.

ಮೇ ತಿಂಗಳಲ್ಲಿ ನೀನು ಪಶುವೈದ್ಯ ಕಚೇರಿಯಿಂದ ಬಂದು ನಮ್ಮ ಕುರಿಗಳಿಗೂ ನಮ್ಮ ಮಂದೆಯಲ್ಲೇ ಇರುವ, ಊರಿನ ಅಧ್ಯಕ್ಷ ಆಪೋಸ್ತೋಲಿಸನ ಕುರಿಗಳಿಗೂ ಬೆದೆ ತರುವ ಮದ್ದಿನ ಸ್ಪಂಜು ಇಟ್ಟು ಹೋದೆಯಲ್ಲ, ಎಲ್ಲವೂ ಕ್ರಿಸ್ಮಸ್‌ಗೆ ಮೊದಲೇ ಎರಡನೇ ಸಲ ಮರಿ ಹಾಕಲಿ ಎಂದು? ಚಳಿಗಾಲದಲ್ಲೇ ಈದಿದ್ದ ಕುರಿಗಳದ್ದೇನೂ ತೊಂದರೆಯಿಲ್ಲ. ಹೊಟ್ಟೆ ತುಂಬಿಕೊಂಡು ಭಾರವಾಗಿ ನಡೆಯುತ್ತಿವೆ. ಸಂಕಟವೆಲ್ಲ ತಡವಾಗಿ ಈದ ಆ ಅರವತ್ತು ಕುರಿಗಳದ್ದು. ಬೆದೆಗೆ ಬಂದವು, ಟಗರು ಹಾರಿದ್ದನ್ನು ನಾವೇ ಕಂಡೆವು, ಆದರೆ ಗಬ್ಬ ನಿಲ್ಲಲಿಲ್ಲ. ಹದಿನಾಲ್ಕೋ ಹದಿನೈದೋ ನಿಂತಿದ್ದವು. ಅವುಗಳಲ್ಲಿ ಒಂಬತ್ತು ಕಳೆದ ವಾರ ಕಂದು ಹಾಕಿದವು. ಉಣ್ಣೆ ಇನ್ನೂ ಬಂದಿರಲಿಲ್ಲ, ಗೊರಸು ಮಾತ್ರ ಮೂಡಿತ್ತು. ಅಕ್ರೋಟು ಮರದ ಕೆಳಗೆ ಹೂತು, ನಾಯಿಗಳು ಎಳೆಯದಂತೆ ಕಲ್ಲು ಹೇರಿದೆ. ಹಾಲು ಜೂನ್‌ನಲ್ಲೇ ಬತ್ತಿತ್ತು, ಅದು ನಿನಗೆ ಗೊತ್ತು.

ಊರಿನ ಬಾಯಿಗೆ ಬಾಗಿಲಿಲ್ಲ. ಉಪ್ಪು ತರಲೆಂದು ಕಾಫಿ ಅಂಗಡಿಗೆ ಹೋದವಳು ಬಾಗಿಲಲ್ಲೇ ನಿಂತೆ. ಒಳಗೆ ಆಪೋಸ್ತೋಲಿಸ್ ನಮ್ಮವರಿಗೆ ಹೇಳುತ್ತಿದ್ದ:

“ಲೋ ಸ್ತೆರ್ಯೋ, ನಿನ್ನ ಹೆಂಡ್ತಿ ಎತ್ತಿ ಆಡ್ಸಿದ ಹುಡುಗಿ ನಮ್ಮ ಕುರಿಗೆಲ್ಲಾ ಬಿರಡೆ ಜಡಿದು ಹೋದ್ಲಲ್ಲೋ! ವೈನ್ ಪೀಪಾಯಿ ಅಂದ್ಕೊಂಡ್ಲಾ?”

ಎಲ್ಲರೂ ನಕ್ಕರು. ನಮ್ಮವರು ನಗಲಿಲ್ಲ. “ಪುಸ್ತಕ ಓದಿದ್ದಾಳೆ, ಕುರಿ ಓದಿಲ್ಲ” ಅಂದರು. ಅದಕ್ಕೆ ಇನ್ನೂ ಜೋರಾಗಿ ನಕ್ಕರು. ನಾನು ಉಪ್ಪು ಕಟ್ಟಿಸಿಕೊಂಡು ಬಂದೆ.

ಆಪೋಸ್ತೋಲಿಸ್ ನಿನ್ನ ಕಚೇರಿಗೆ ದೂರು ಬರೆದಿದ್ದಾನೆ. ನೀನು ಹಾಕಿದ ಮದ್ದಿನಿಂದ ಕುರಿಗಳು ಗೊಡ್ಡಾದವು ಎಂದು. ಕೆಳಗೆ ನಮ್ಮವರ ಸಹಿಯೂ ಇದೆ. ಸ್ವಲ್ಪ ದಿನ ಊರ ಕಡೆ ಬರಬೇಡ ಮಗಳೇ. ಉಣ್ಣೆಯ ಕಾಲುಚೀಲ ಹೆಣೆದಿಟ್ಟಿದ್ದೇನೆ, ಬಸ್ಸಿನ ನಾಸೋಸನ ಕೈಲಿ ಕಳಿಸುತ್ತೇನೆ.

ನಿನ್ನನ್ನು ದೀಕ್ಷಾಸ್ನಾನದ ನೀರಿನಿಂದ ಎತ್ತಿಕೊಂಡ ಜ್ಞಾನತಾಯಿ,
ನಿನ್ನ ನುನಾ
ಲಾಂಬ್ರಿನಿ


ಪಟ್ಟಣ
6 ಅಕ್ಟೋಬರ್ 1983

ಪ್ರೀತಿಯ ನುನಾ,

ಕಾಲುಚೀಲ ಬಂತು. ಅದಕ್ಕಿಂತ ಮೊದಲೇ ದೂರು ಬಂದಿತ್ತು. ನನ್ನ ಮೇಲಿನವರು ಅದನ್ನು ನನ್ನ ಮೇಜಿನ ಮೇಲೆ ಇಟ್ಟು, “ಓದಮ್ಮಾ, ನಿನ್ನ ಊರಿನವರೇ ನಿನಗೆ ಬರೆದ ಪ್ರೇಮಪತ್ರ” ಅಂದರು. ಓದಿದೆ. ಸಹಿಗಳನ್ನೂ ನೋಡಿದೆ.

ಆವತ್ತಿನಿಂದ ನನ್ನ ಕಾಗದಗಳನ್ನು ಮತ್ತೆ ಮತ್ತೆ ತಿರುವಿ ಹಾಕುತ್ತಿದ್ದೇನೆ. ನಿಮಗೆ ಆಗ ದೊಡ್ಡಿಯಲ್ಲಿ ಹೇಳಿದ್ದೆ, ನೆನಪಿದೆಯಾ? ಈದ ಕುರಿಗೆ ಮರಿ ಮೊಲೆ ಚೀಪುವಷ್ಟು ದಿನ ಮೈಯೇ ಬೆದೆಯನ್ನು ತಡೆದು ಇಟ್ಟುಕೊಳ್ಳುತ್ತದೆ. ನಾವು ಇಡುವ ಸ್ಪಂಜಿನ ಹಾರ್ಮೋನು ಆ ಮೈಗೆ ಹದಿನಾಲ್ಕು ದಿನ “ನೀನು ಗಬ್ಬ” ಎಂದು ನಂಬಿಸುತ್ತದೆ. ಹದಿನಾಲ್ಕನೇ ದಿನ ಎಳೆದು ತೆಗೆದು, ಸೂಜಿ ಚುಚ್ಚಿದರೆ ಮೈ ಎಚ್ಚೆತ್ತು ಎರಡು ದಿನದಲ್ಲಿ ಬೆದೆಗೆ ಬರುತ್ತದೆ. ಎಂಥ ಕುರಿಯನ್ನೂ ಬೆದೆಗೆ ತರಬಹುದು. ಆದರೆ ಗರ್ಭಕೋಶ ಮಾಗದೆ ಇದ್ದರೆ ಆ ಬೆದೆಯಿಂದ ಪ್ರಯೋಜನವಿಲ್ಲ, ಬೀಜ ನಿಲ್ಲುವುದಿಲ್ಲ, ನಿಂತರೂ ಉಳಿಯುವುದಿಲ್ಲ. ಅದಕ್ಕೇ ಈದು ಐವತ್ತು ದಿನ ತುಂಬಿರಬೇಕು, ಮರಿ ಮೊಲೆ ಬಿಟ್ಟಿರಬೇಕು ಎಂದು ನಾನು ಹಟ ಹಿಡಿದದ್ದು.

ನಿಮ್ಮ ಪಟ್ಟಿ ಎದುರಿಗಿದೆ. ತಡವಾದ ಅರವತ್ತು ಕುರಿಗಳು ಸಂತ ಅಲೆಕ್ಸಿಯೋಸನ ದಿನದಿಂದ ಮಂಗಳವಾರ್ತೆಯ ಹಬ್ಬದ ಒಳಗೆ ಈದವು ಎಂದು ನೀವು ಹೇಳಿದಿರಿ. ಅಂದರೆ ಮಾರ್ಚ್ ಹದಿನೇಳರಿಂದ ಇಪ್ಪತ್ತೈದು. ನಾನು ಸ್ಪಂಜು ಇಟ್ಟದ್ದು ಮೇ ಹದಿನಾರು. ಎಲ್ಲಕ್ಕಿಂತ ಕೊನೆಗೆ ಈದ ಕುರಿಗೂ ಐವತ್ತೆರಡು ದಿನ ಆಗಿತ್ತು. ನನ್ನ ಲೆಕ್ಕ ಸರಿ ಎನ್ನುತ್ತದೆ, ಕುರಿಗಳು ತಪ್ಪು ಎನ್ನುತ್ತಿವೆ.

ನುನಾ, ಬೇಜಾರು ಮಾಡಿಕೊಳ್ಳಬೇಡಿ, ಒಂದು ಕೇಳುತ್ತೇನೆ. ನೀವು ಕಾಗದ ಬರೆದದ್ದು ಮಂಗಳವಾರ. ವಾರವಾರ ಉಪವಾಸ ಹಿಡಿಯುವ ಬುಧವಾರವಲ್ಲ, ಶುಕ್ರವಾರವಲ್ಲ. ಮಂಗಳವಾರ ಎಂಥ ಉಪವಾಸ? ಶಿಲುಬೆಯ ಹಬ್ಬದ ಉಪವಾಸ ಹದಿನಾಲ್ಕಕ್ಕೇ ಮುಗಿದಿತ್ತು. ಬಸ್ಸಿನಲ್ಲಿ ಬರುವಾಗ ಸುಮ್ಮನೆ ಎಣಿಸಿದೆ. ಹದಿನಾಲ್ಕು, ಹದಿಮೂರು, ಇಪ್ಪತ್ತೇಳು.

ಹಳೆಯ ಪಂಚಾಂಗದವರು ಪುನರುತ್ಥಾನದ ಪಾಸ್ಖಾ ಹಬ್ಬ ಮತ್ತು ಅದರ ಹಿಂದೆಮುಂದೆ ಬರುವವುಗಳನ್ನು ಬಿಟ್ಟು ಉಳಿದ ಹಬ್ಬಗಳನ್ನು ನಮಗಿಂತ ಹದಿಮೂರು ದಿನ ತಡವಾಗಿ ಮಾಡುತ್ತಾರೆ. ನಮ್ಮೂರಲ್ಲಿ ಆ ಜನ ಈಗ ಯಾರೂ ಉಳಿದಿಲ್ಲ ಎಂದುಕೊಂಡಿದ್ದೆ.

ಈದ ದಿನಗಳನ್ನು ನೀವು ಯಾವ ಪಂಚಾಂಗ ನೋಡಿ ಹೇಳಿದಿರಿ? ಹಳೆಯದಾದರೆ, ನಾನು ಸ್ಪಂಜು ಇಟ್ಟ ದಿನ ಆ ಕುರಿಗಳು ಈದು ಮೂವತ್ತೊಂಬತ್ತರಿಂದ ನಲವತ್ತೇಳು ದಿನ ಅಷ್ಟೆ. ನಿಮ್ಮ ಮಾತಿನಲ್ಲಿ ಹೇಳಬೇಕೆಂದರೆ, ಹಸಿಮೈ.

ನಿಮ್ಮ
ಅರೆತಿ


ಪೇತ್ರೋವ್ರಿಸಿ
30 ಅಕ್ಟೋಬರ್ 1983

ಮಗಳೇ ಅರೆತಿ,

ನಿನ್ನ ಕಾಗದ ಬಂದು ಮೂರು ವಾರವಾಯಿತು. ಕೆಲಸ ಮುಗಿಯುವುದೇ ಇಲ್ಲ. ಚಳಿಗಾಲದಲ್ಲಿ ಈದಿದ್ದ ಕುರಿಗಳು ಮತ್ತೆ ಈಯತೊಡಗಿವೆ. ನಿನ್ನೆ ಒಂದೇ ದಿನ ಐದು, ಅದರಲ್ಲಿ ಎರಡಕ್ಕೆ ಅವಳಿ. ನಿನ್ನ ಮದ್ದಿನಿಂದಲೇ ಅಲ್ಲವೇ ಅವು ಬಂದದ್ದು? ಅದನ್ನು ಯಾರೂ ಹೇಳುವುದಿಲ್ಲ. ಹುಟ್ಟಿದ ಮರಿಗೆ ಟಗರು ಕಾರಣ, ಹುಟ್ಟದ ಮರಿಗೆ ಅರೆತಿ ಕಾರಣ.

ಕಂದುಬಣ್ಣದ ಕಿವಿಯ ಆಡು ಸತ್ತಿತು. ನನ್ನ ಮಂಡಿ ಮಳೆ ಬಂದರೆ ಇಳಿಜಾರಿನಲ್ಲಿ ಮಾತು ಕೇಳುವುದಿಲ್ಲ. ಪಾದ್ರಿ ಯೆರಾಸಿಮೋಸರು ಚರ್ಚಿನ ಗಂಟೆಯ ಹಗ್ಗ ಬದಲಾಯಿಸಿದರು.

ನಿನ್ನ ಕಾಗದದ ಕೊನೆಯ ಭಾಗ ಮಸಿ ಹರಡಿ ಹೋಗಿತ್ತು. ಮಳೆಯಲ್ಲಿ ನಾಸೋಸ್ ನೆನೆಸಿರಬೇಕು. ಸರಿಯಾಗಿ ಓದಲಾಗಲಿಲ್ಲ.

ಒಂದು ಬುಟ್ಟಿ ಕ್ವಿನ್ಸ್ ಹಣ್ಣು ಕಳಿಸಿದ್ದೇನೆ. ಬಟ್ಟೆಯ ನಡುವೆ ಇಡು, ಪರಿಮಳ ಬರುತ್ತದೆ.

ನಿನ್ನ ನುನಾ
ಲಾಂಬ್ರಿನಿ


ಪಟ್ಟಣ
14 ನವೆಂಬರ್ 1983

ಪ್ರೀತಿಯ ನುನಾ,

ಹಣ್ಣು ತಲುಪಿತು.

ನನ್ನ ಮಸಿ ಹರಡುವುದಿಲ್ಲ. ನಾನು ಆರು ವರ್ಷದವಳಿದ್ದಾಗ, ಅಮ್ಮ ಹೋದ ಚಳಿಗಾಲದಲ್ಲಿ, ನಿಮ್ಮ ಒಲೆಯ ಮುಂದೆ ಕೂರಿಸಿಕೊಂಡು ಅಕ್ಷರ ತಿದ್ದಿಸಿದವರು ನೀವೇ. “ಬರೆದ ಮೇಲೆ ಊದು, ಆರಿದ ಮೇಲೆ ಮಡಿಚು” ಎಂದು ಕಲಿಸಿದವರೂ ನೀವೇ. ಈಗಲೂ ಹಾಗೆಯೇ ಮಾಡುತ್ತೇನೆ.

ವಿಚಾರಣೆ ಶುರುವಾಗಿದೆ. ನನ್ನನ್ನು ಹೊರಗಿನ ಕೆಲಸದಿಂದ ತೆಗೆದು ಹಳೆಯ ಕಡತಗಳಿರುವ ಕೋಣೆಯಲ್ಲಿ ಕೂರಿಸಿದ್ದಾರೆ. ನಾನು ಇನ್ನೂ ಕಾಯಂ ಆಗಿಲ್ಲ. ತಪ್ಪು ನನ್ನದೆಂದು ತೀರ್ಮಾನವಾದರೆ ಈ ಕೆಲಸ ಹೋಗುತ್ತದೆ, ಮತ್ತೆ ಯಾವ ಕಚೇರಿಯೂ ನನ್ನನ್ನು ದೊಡ್ಡಿಯ ಹತ್ತಿರ ಬಿಡುವುದಿಲ್ಲ. ನನಗೆ ಬರುವುದು ಇದೊಂದೇ ವಿದ್ಯೆ. ಕುರಿಗಳ ನಡುವೆ ಇರುವುದು ಬಿಟ್ಟು ಬೇರೆ ಏನನ್ನೂ ನಾನು ಆಸೆಪಟ್ಟವಳಲ್ಲ.

ಮತ್ತೆ ಕೇಳುವುದಿಲ್ಲ.

ಅರೆತಿ


ಪೇತ್ರೋವ್ರಿಸಿ
7 ಡಿಸೆಂಬರ್ 1983

ಮಗಳೇ,

ಈ ಕಾಗದವನ್ನು ಮೂರು ಸಲ ಬರೆದು ಮೂರು ಸಲ ಒಲೆಗೆ ಹಾಕಿದೆ. ಇದು ನಾಲ್ಕನೆಯದು.

ನಿನ್ನ ಮಸಿ ಹರಡಿರಲಿಲ್ಲ. ಅಕ್ಷರಗಳು ಕೇರಿದ ಕಾಳಿನಂತೆ ಬಿಡಿಬಿಡಿಯಾಗಿ ಕಾಣುತ್ತಿದ್ದವು.

ಹೌದು. ಹಳೆಯ ಪಂಚಾಂಗ.

ನನ್ನ ತಾಯಿ ಹಳೆಯ ಪಂಚಾಂಗದವಳು. ನಿನಗೆ ಅವಳ ಹೆಸರನ್ನೇ ಇಟ್ಟೆ. ಅವಳು ಹುಡುಗಿಯಾಗಿದ್ದಾಗ ಸರ್ಕಾರವೂ ಚರ್ಚೂ ಪಂಚಾಂಗ ಬದಲಿಸಿದವು. ಊರಲ್ಲಿ ಐದು ಮನೆಯವರು ಒಪ್ಪಲಿಲ್ಲ. ಒಬ್ಬೊಬ್ಬರಾಗಿ ಸತ್ತು, ಕೊನೆಗೆ ಅವಳೊಬ್ಬಳೇ ಉಳಿದಳು. ಸಾಯುವಾಗ ನನ್ನ ಕೈ ಹಿಡಿದು, “ಲಾಂಬ್ರಿನೀ, ಗಂಡ ಹೋಗೋ ಚರ್ಚಿಗೇ ಹೋಗೇ, ಬೇಡ ಅನ್ನಲ್ಲ. ನನ್ನ ಉಪವಾಸಗಳನ್ನ ಮಾತ್ರ ಕೈಬಿಡಬೇಡ, ಅವಕ್ಕೆ ನನ್ನ ಬಿಟ್ರೆ ಯಾರೂ ಇಲ್ಲ” ಅಂದಳು. ಉಪವಾಸಗಳು ಅನಾಥ ಮಕ್ಕಳೇನೋ ಎಂಬಂತೆ.

ನಮ್ಮವರು ಚರ್ಚಿನ ಪಾರುಪತ್ಯೆ ನೋಡುವವರು. ಮೇಣದಬತ್ತಿಯ ಪೆಟ್ಟಿಗೆಯ ಬೀಗದ ಕೈ ಅವರ ಸೊಂಟದಲ್ಲಿದೆ. ಅವರಿಗೆ ಹೇಳುವ ಧೈರ್ಯ ಬರಲಿಲ್ಲ. ಹದಿನೆಂಟು ವರ್ಷದಿಂದ ಎರಡನ್ನೂ ಹಿಡಿದಿದ್ದೇನೆ. ಅವರ ಪಂಚಾಂಗದ ಉಪವಾಸ ಎಲ್ಲರೆದುರು, ತಾಯಿಯದು ಯಾರಿಗೂ ಕಾಣದ ಹಾಗೆ. ಹೆಂಗಸು ಏನು ತಿಂದಳು, ಏನು ಬಿಟ್ಟಳು ಎಂದು ಯಾರು ನೋಡುತ್ತಾರೆ? ಬಟ್ಟೆ ಮಾರುವವಳೊಬ್ಬಳು ಪ್ರತಿ ವರ್ಷ ಹಳೆಯ ಪಂಚಾಂಗ ತಂದುಕೊಡುತ್ತಾಳೆ. ಅದನ್ನು ಹಿಟ್ಟಿನ ಪೆಟ್ಟಿಗೆಯ ಮುಚ್ಚಳದ ಒಳಮೈಗೆ ಅಂಟಿಸುತ್ತೇನೆ. ಕುರಿ ಈದ ದಿನ, ನಾದುತ್ತಿದ್ದ ಕೈಯಲ್ಲೇ ಆ ದಿನದ ಸಂತನ ಹೆಸರಿನ ಮುಂದೆ ಒಂದು ಗೆರೆ ಎಳೆಯುತ್ತೇನೆ.

ನೀನು ಬಂದು “ಯಾವತ್ತು ಈದವು ನುನಾ?” ಎಂದಾಗ ಮುಚ್ಚಳ ನೆನಪಿಗೆ ಬಂತು, ಅದರಲ್ಲಿದ್ದುದನ್ನು ಹೇಳಿದೆ. ಅಲ್ಲಿಯವರೆಗೆ ಅದು ಮರೆವು. ಮರೆವನ್ನು ದೇವರು ಮನ್ನಿಸುತ್ತಾನೆ.

ಆಮೇಲೆ ನೀನು ದೊಡ್ಡಿಗೆ ಇಳಿದು ಒಂದು ಮರಿಯನ್ನು ಎತ್ತಿ ಕೈಯಲ್ಲೇ ತೂಗಿದೆ. “ನುನಾ, ಎರಡು ತಿಂಗಳ ಹತ್ತಿರದ ಮರಿ ಇಷ್ಟು ಹಗುರಾನಾ? ಇನ್ನೂ ಮೊಲೇನೇ ಬಿಟ್ಟಿಲ್ವಲ್ಲಾ” ಅಂದೆ. ಆಗ ನನಗೆ ಹೊಳೆಯಿತು. ಹಳೆಯ ಪಂಚಾಂಗದ ದಿನ ಹೇಳಿಬಿಟ್ಟಿದ್ದೆ. ಬೇಲಿಯಾಚೆ ನಮ್ಮವರು ನಿಂತಿದ್ದರು.

“ಏನಂತೆ ಅವ್ಳದು?”

“ಮರಿ ಸಣ್ಣವು ಅಂತಾಳೆ.”

“ಸಣ್ಣವು ಅಂದ್ರೆ? ಎಲ್ಲಾ ಒಂದೇ ಸಲ ಈಯ್ಲಿ ಅಂತ ತಾನೆ ಕರ್ಸಿದ್ದು? ಅರ್ಧ ಮಂದೆ ಬಿಟ್ಹೋಗೋ ಹಾಗಿದ್ರೆ ಯಾಕ್ ಬರ್ಬೇಕಿತ್ತು? ಆಪೋಸ್ತೋಲಿಸ್ ಮುಂದೆ ನನ್ ಮುಖ ಎಲ್ಲಿಡ್ಲಿ?”

ನೀನು ನನ್ನ ಮುಖ ನೋಡಿದೆ. ನಿಜ ಹೇಳಬೇಕಾಗಿದ್ದರೆ ಅವರ ಕಣ್ಣೆದುರೇ ಹಿಟ್ಟಿನ ಪೆಟ್ಟಿಗೆಯ ಮುಚ್ಚಳ ಎತ್ತಿ ತೋರಿಸಬೇಕಿತ್ತು. ನಾನು, “ಅವಳಿ ಮರಿ ಕಣೇ. ಹಾಲು ಹಂಚಿಕೊಂಡು ಕುಡ್ದವು, ಹಗುರಾನೇ ಇರ್ತವೆ” ಅಂದೆ.

ನೀನು ತಲೆಯಾಡಿಸಿ ಬರೆದುಕೊಂಡೆ. ಬೇರೆ ಯಾರಾದರೂ ಹೇಳಿದ್ದರೆ ಇನ್ನೆರಡು ಮರಿ ಎತ್ತಿ ನೋಡುತ್ತಿದ್ದೆ. ನನ್ನ ಮಾತಾದ್ದರಿಂದ ನೋಡಲಿಲ್ಲ.

ಹಸಿಮೈ ಎಂದರೇನು ಎಂದು ಗೊತ್ತಿಲ್ಲದವಳಾಗಿದ್ದರೆ ಇಷ್ಟು ಸುಡುತ್ತಿರಲಿಲ್ಲ. ನನಗೂ ಒಂದು ಗಂಡುಮಗು ಹುಟ್ಟಿತ್ತು. ಇದನ್ನು ನಿನಗೆ ಯಾವತ್ತೂ ಹೇಳಿಲ್ಲ. ಇಪ್ಪತ್ತೆರಡು ವರ್ಷ ನನಗೆ. ಮೂರು ದಿನ ಇತ್ತು. ಹೆತ್ತವಳು ನಲವತ್ತು ದಿನ ಹೊಸಿಲು ದಾಟಬಾರದು, ನಲವತ್ತಕ್ಕೆ ಪಾದ್ರಿ ಪ್ರಾರ್ಥನೆ ಹೇಳಿ ಒಳಗೆ ಕರೆದುಕೊಳ್ಳಬೇಕು, ನಿನಗೇ ಗೊತ್ತಲ್ಲ. ಒಂಬತ್ತನೇ ದಿನ ಅತ್ತೆ ಬಂದು ಹೊದಿಕೆ ಎಳೆದು, “ಮಗೂನೇ ಇಲ್ದೋಳಿಗೆ ಎಂಥಾ ನಲವತ್ತು? ಏಳು, ಕುರಿ ಕೆಚ್ಚಲು ಬಿರೀತಾ ಇದೆ” ಅಂದಳು. ಎದ್ದೆ. ನನ್ನ ಎದೆಯ ಹಾಲು ರವಿಕೆ ನೆನೆಸುತ್ತಿತ್ತು, ಕೈ ಕುರಿಯ ಹಾಲು ಕರೆಯುತ್ತಿತ್ತು. ಆಮೇಲೆ ಮೂರು ಸಲ ನಿಂತಿತು, ಮೂರು ಸಲವೂ ಉಳಿಯಲಿಲ್ಲ. ಅಂಥವಳು ನಾನು, ಆ ಅರವತ್ತು ತಾಯಂದಿರ ಎದುರು ನಿಂತು ಸುಳ್ಳು ಹೇಳಿದೆ.

ಶನಿವಾರ ಪಾದ್ರಿಯವರ ಹತ್ತಿರ ಪಾಪನಿವೇದನೆಗೆ ಹೋದೆ. ಎಲ್ಲ ಹೇಳಿದೆ. ಅವರು ಕುರಿಯ ಮಾತು ಬಂದಾಗ ಕಿಟಕಿಯ ಕಡೆ ನೋಡುತ್ತಿದ್ದರು. ಪಂಚಾಂಗದ ಮಾತು ಬಂದಾಗ ನೆಟ್ಟಗೆ ಕುಳಿತರು.

“ಹದಿನೆಂಟು ವರ್ಷ! ನಮ್ಮ ಬಟ್ಟಲಿಂದ ಪ್ರಸಾದ ತಗೊಂಡು, ಅವರ ಉಪವಾಸ ಮಾಡಿದ್ಯಾ ತಾಯಿ?”

“ಹೌದು ಸ್ವಾಮಿ.”

“ಒಬ್ಬಳಿಗೆ ಒಂದು ಪಂಚಾಂಗ ಸಾಲ್ದಾ?”

“ಆ ಹುಡುಗಿ, ಸ್ವಾಮಿ… ಅವಳ ಕೆಲಸ ಹೋಗುತ್ತೆ.”

“ಕುರಿ ವಿಷ್ಯ ನಂಗೆ ತಿಳಿಯೋದಿಲ್ಲ. ಮೂರು ವರ್ಷ ಪ್ರಸಾದ ಇಲ್ಲ ನಿಂಗೆ. ಹೋಗಿ ಬಾ.”

ನಾನು ಹೊತ್ತುಕೊಂಡು ಹೋದ ಪಾಪ ಒಂದು, ಅವರ ಕಣ್ಣಿಗೆ ಬಿದ್ದ ಪಾಪ ಇನ್ನೊಂದು. ನನ್ನದು ಹಾಗೆಯೇ ಇದೆ, ಮನೆಗೆ ವಾಪಸು ತಂದಿದ್ದೇನೆ.

ನಾನೇನು ಮಾಡಲಿ, ಹೇಳು. ನೀನು ಹೇಳಿದ ಹಾಗೆ ಮಾಡುತ್ತೇನೆ.

ಲಾಂಬ್ರಿನಿ


ಪಟ್ಟಣ
19 ಡಿಸೆಂಬರ್ 1983

ನುನಾ,

ನಿಮ್ಮ ಕಾಗದವನ್ನು ಕಡತಗಳ ಕೋಣೆಯಲ್ಲಿ ಓದಿದೆ. ಒಳ್ಳೆಯದಾಯಿತು, ಅಲ್ಲಿ ಯಾರೂ ಬರುವುದಿಲ್ಲ.

“ನೀನು ಹೇಳಿದ ಹಾಗೆ ಮಾಡುತ್ತೇನೆ” ಎಂದು ಬರೆದಿದ್ದೀರಿ. ಇಷ್ಟೆಲ್ಲ ಓದಿದ ಮೇಲೂ ನನಗೆ ಸಿಟ್ಟು ಬಂದದ್ದು ಆ ಒಂದು ಸಾಲಿಗೆ ಮಾತ್ರ. ಅದನ್ನೂ ನಾನೇ ಹೇಳಬೇಕಾ?

ನಾನು ಬರೆದುಕೊಟ್ಟಾಯಿತು. ಶುಕ್ರವಾರ. ಮರಿಗಳು ಹಗುರವಾಗಿದ್ದುದನ್ನು ಕೈಯಲ್ಲಿ ಹಿಡಿದು ನೋಡಿಯೂ ಕಾಗದವನ್ನು ನಂಬಿದ್ದು ನನ್ನ ತಪ್ಪು ಎಂದು. ಸುಳ್ಳಲ್ಲ ಅದು. ದೊಡ್ಡಿಗೆ ಇಳಿದವಳು ಕುರಿಯನ್ನು ನಂಬಬೇಕು, ಯಾರ ಮಾತನ್ನೂ ಅಲ್ಲ, ನುನಾ ಹೇಳಿದರೂ ಅಲ್ಲ. ವಿಚಾರಣಾಧಿಕಾರಿ ನಿಮಗೂ ಒಂದು ಕಾಗದ ಕಳಿಸುತ್ತಾರೆ. ಜನವರಿ ಇಪ್ಪತ್ತರೊಳಗೆ ಉತ್ತರ ಬಾರದಿದ್ದರೆ ನನ್ನ ಹೇಳಿಕೆಯನ್ನೇ ಕೊನೆಯದೆಂದು ಇಟ್ಟುಕೊಳ್ಳುತ್ತಾರಂತೆ. ನೀವು ಏನನ್ನೂ ಬರೆಯಬೇಡಿ. ಆ ಮನೆಯಲ್ಲಿ ಬದುಕಬೇಕಾದವರು ನೀವು. ಕರಾವಳಿಯ ಕಡೆ ಕಿತ್ತಳೆ ಹಣ್ಣು ಡಬ್ಬಕ್ಕೆ ತುಂಬುವ ಕಾರ್ಖಾನೆಯಲ್ಲಿ ಹುಡುಗಿಯರು ಬೇಕಂತೆ.

ಒಂದು ಮಾತ್ರ ನಡೆಸಿಕೊಡಿ. ಆ ಕುರಿಗಳನ್ನು ಗೊಡ್ಡು ಎಂದು ಕಸಾಯಿಗೆ ಕೊಡಲು ಬಿಡಬೇಡಿ. ಅವು ಗೊಡ್ಡಲ್ಲ. ದಣಿದ ಮೈ ಅಷ್ಟೆ. ಹಗಲು ಚಿಕ್ಕದಾಗುವ ಕಾಲಕ್ಕೆ ತಾವಾಗಿಯೇ ಬೆದೆಗೆ ಬಂದಿರುತ್ತವೆ, ಟಗರು ಮಂದೆಯಲ್ಲೇ ಇತ್ತಲ್ಲ. ಕಾಯಿರಿ ಎಂದು ಹೇಳಿ.

ಆ ಮಗುವಿನ ವಿಷಯ ನನಗೆ ಗೊತ್ತಿರಲಿಲ್ಲ. ಅದಕ್ಕೆ ಹೆಸರಿತ್ತಾ ನುನಾ?

ಅರೆತಿ


ಪೇತ್ರೋವ್ರಿಸಿ
9 ಜನವರಿ 1984

ವಿಚಾರಣಾಧಿಕಾರಿಗಳಿಗೆ,

ಮಾನ್ಯರೇ,

ನಾನು ಲಾಂಬ್ರಿನಿ. ವಯಸ್ಸು ಐವತ್ತು. ಊರಿನ ಶಾಲೆಯಲ್ಲಿ ಆರನೇ ತರಗತಿಯವರೆಗೆ ಓದಿದ್ದೇನೆ. ನಿಮ್ಮ ಕಾಗದ ಹೊಸವರ್ಷದ ಮಾರನೇ ದಿನ ಬಂತು. ಮೇಲೆ ಹಾಕಿರುವ ತಾರೀಖು ನಿಮ್ಮ ಪಂಚಾಂಗದ್ದೇ, ಅದರ ಬಗ್ಗೆ ಅನುಮಾನ ಬೇಡ.

ನೀವು ಎರಡು ಪ್ರಶ್ನೆ ಕೇಳಿದ್ದೀರಿ. ಸಹಾಯಕಿ ಅರೆತಿ ಕುರಿಗಳು ಈದ ದಿನಗಳನ್ನು ನನ್ನಿಂದ ಕೇಳಿ ಬರೆದುಕೊಂಡಳೇ? ನಾನು ಕೊಟ್ಟ ದಿನಗಳು ನಿಜವೇ?

ಕೇಳಿದಳು. ಕೊಟ್ಟವು ನಿಜವಲ್ಲ. ನಾನು ಹಳೆಯ ಪಂಚಾಂಗದ ದಿನ ಹೇಳಿದೆ, ಹದಿಮೂರು ದಿನ ವ್ಯತ್ಯಾಸವಾಯಿತು. ಅವಳು ಮರಿಗಳನ್ನು ನೋಡಿ ಅನುಮಾನಪಟ್ಟಾಗ ನನಗೆ ನನ್ನ ತಪ್ಪು ತಿಳಿಯಿತು. ತಿಳಿದೂ ಅವಳಿ ಮರಿಗಳೆಂದು ಸುಳ್ಳು ಹೇಳಿ ಅವಳ ಬಾಯಿ ಕಟ್ಟಿದೆ. ಅವಳು ತಪ್ಪು ತನ್ನದೆಂದು ಬರೆದುಕೊಟ್ಟಿದ್ದಾಳಂತೆ. ಅವಳು ನನ್ನ ದೀಕ್ಷಾಪುತ್ರಿ, ನನ್ನನ್ನು ಉಳಿಸಲು ಬರೆದಿದ್ದಾಳೆ. ಅದನ್ನು ನೀವು ನಂಬಬಾರದು.

ಇಷ್ಟು ದಿನ ಯಾಕೆ ಸುಮ್ಮನಿದ್ದೆ ಎಂದು ನೀವು ಕೇಳುತ್ತೀರಿ. ಅವಳು ಸುಮ್ಮನಿರಿ ಎಂದಿದ್ದಳು, ನನಗೂ ಅದೇ ಬೇಕಾಗಿತ್ತು. ಆದರೆ ಕ್ರಿಸ್ಮಸ್ ಮುಗಿದ ವಾರ ಅವಳ ಕಾಗದ ನನ್ನ ಕೈಗೆ ಬರುವ ಹೊತ್ತಿಗೆ ನಮ್ಮವರೂ ಅಧ್ಯಕ್ಷರೂ ಸೇರಿ ಆ ಕುರಿಗಳಲ್ಲಿ ನಲವತ್ತನ್ನು ಗೊಡ್ಡೆಂದು ಕಸಾಯಿಯವನ ಗಾಡಿಗೆ ಏರಿಸಿಯಾಗಿತ್ತು. ಗುರುವಾರ ಅವನು ಹಿಂದಿರುಗಿ ಬಂದು ನಮ್ಮ ಅಂಗಳದಲ್ಲಿ ನಿಂತ. ಕೈಯಲ್ಲಿ ಟೋಪಿ ಇತ್ತು.

“ಅಕ್ಕಾ, ಯಾರು ಗೊಡ್ಡು ಅಂದಿದ್ದು ಇವನ್ನ? ಕೊಯ್ದ ನಲವತ್ರಲ್ಲಿ ಮೂವತ್ತು ಗಬ್ಬ ಇದ್ವು. ಈ ಕಸುಬಲ್ಲಿ ಇಪ್ಪತ್ತು ವರ್ಷ ಆಯ್ತು ನಂಗೆ. ಅವತ್ತು ಮಧ್ಯಾಹ್ನ ಊಟ ಸೇರ್ಲಿಲ್ಲ.”

ಅವುಗಳಿಗೆ ಸ್ವಲ್ಪ ಕಾಲ ಬೇಕಾಗಿತ್ತು, ಅಷ್ಟೇ ಮಾನ್ಯರೇ. ಮದ್ದು ಅವನ್ನು ಕೆಡಿಸಿರಲಿಲ್ಲ. ಸ್ಪಂಜು ಬಿರಡೆ ಜಡಿಯಿತು ಎಂದು ಊರೆಲ್ಲ ನಂಬಿದ್ದರಿಂದ ಅವು ಸತ್ತವು. ಊರು ಹಾಗೆ ನಂಬಿದ್ದು ನಾನು ಬಾಯಿ ಬಿಡದೆ ಇದ್ದುದರಿಂದ.

ಆ ದಿನವೇ ನಮ್ಮವರನ್ನು ಕೂರಿಸಿ ಎಲ್ಲ ಹೇಳಿದೆ. ಹೊಡೆಯುತ್ತಾರೆ ಎಂದುಕೊಂಡಿದ್ದೆ, ಹೊಡೆಯಲಿಲ್ಲ. ಹಿಟ್ಟಿನ ಪೆಟ್ಟಿಗೆಯ ಮುಚ್ಚಳ ಎತ್ತಿ ನೋಡಿ, “ಹದಿನೆಂಟು ವರ್ಷ ಒಂದೇ ತಟ್ಟೆಯಲ್ಲಿ ಉಂಡ್ವಲ್ಲೇ” ಅಂದರು. ಕುರಿಯ ಬಗ್ಗೆ ಒಂದು ಮಾತೂ ಆಡಲಿಲ್ಲ. ಹೊದಿಕೆ ತೆಗೆದುಕೊಂಡು ದೊಡ್ಡಿಗೆ ಹೋದವರು ಈಗಲೂ ಅಲ್ಲೇ ಇದ್ದಾರೆ. ಊಟ ಒಯ್ದು ಕಲ್ಲಿನ ಮೇಲೆ ಇಟ್ಟು ಬರುತ್ತೇನೆ. ತಟ್ಟೆ ಖಾಲಿಯಾಗಿರುತ್ತದೆ, ಅವರು ಕಾಣುವುದಿಲ್ಲ.

ನಿಮ್ಮ ಕಾಗದದಲ್ಲಿ, ಉತ್ತರಕ್ಕೆ ಸರ್ಕಾರದ ಕಡೆಯವರೊಬ್ಬರ ಎದುರು ಸಹಿ ಹಾಕಬೇಕು, ಇಲ್ಲದಿದ್ದರೆ ನಡೆಯುವುದಿಲ್ಲ ಎಂದಿದೆ. ಊರಲ್ಲಿ ಅಂಥವರೆಂದರೆ ಅಧ್ಯಕ್ಷ ಆಪೋಸ್ತೋಲಿಸ್ ಒಬ್ಬನೇ. ಅವನ ಬಾಗಿಲಿಗೆ ಎರಡು ಸಲ ಹೋದೆ.

“ನಾನೇ ದೂರು ಕೊಟ್ಟು, ಅದು ಸುಳ್ಳು ಅನ್ನೋದಕ್ಕೆ ನಾನೇ ಸಾಕ್ಷಿ ಹಾಕ್ಲಾ ಅತ್ತಿಗೆ? ನನ್ನನ್ನೇನು ಕತ್ತೆ ಅಂದ್ಕೊಂಡ್ಯಾ?” ಅಂದ.

“ಕತ್ತೆ ಆಗಿದ್ರೆ ಭಾರ ಹೊರ್ತಿತ್ತು” ಅಂದು ಬಂದೆ. ಹೀಗೆ ಅನ್ನಬಾರದಿತ್ತು, ಅಂದೆ.

ನಾನೇ ಬರೋಣವೆಂದರೆ, ಬಸ್ಸು ಓಡಿಸುವ ನಾಸೋಸ್ ನಮ್ಮವರ ಅಣ್ಣನ ಮಗ. ಬೆಳಿಗ್ಗೆ ಮೆಟ್ಟಿಲ ಮೇಲೆ ಕಾಲಿಟ್ಟರೆ “ಚಿಕ್ಕಮ್ಮಾ, ಇಳೀರಿ, ನಾನು ಚಿಕ್ಕಪ್ಪಂಗೆ ಮುಖ ತೋರ್ಸ್ಬೇಕಲ್ಲ” ಎಂದು ಕೈಮುಗಿದ. ಪಟ್ಟಣದವರೆಗೆ ನಡೆಯಲು ನನ್ನ ಮಂಡಿಯಲ್ಲಿ ಕಸುವಿಲ್ಲ. ಈ ಕಾಗದವನ್ನು ಕಸಾಯಿಯವನ ಕೈಲಿ ಕಳಿಸುತ್ತಿದ್ದೇನೆ. ಅವನು ಸಾಕ್ಷಿಯಾಗಲಾರ ಎಂದು ಗೊತ್ತು, ಆದರೆ ತಲುಪಿಸುತ್ತಾನೆ.

ನಾನು ಬೇಡುವುದು ಇಷ್ಟು. ಇಪ್ಪತ್ತನೇ ತಾರೀಖಿನ ಒಳಗೆ ನಿಮ್ಮ ಕಡೆಯ ಒಬ್ಬರನ್ನು ಕಳಿಸಿ. ಊರಲ್ಲಿ ಮನೆ ಕೇಳಿದರೆ ತೋರಿಸದೆ ಇರಬಹುದು. ಚರ್ಚಿನ ಹಿಂದಿನ ಮೆಟ್ಟಿಲು ಇಳಿದು ಬಲಕ್ಕೆ ಮೂರನೆಯದು. ಬಾಗಿಲು ತೆರೆದೇ ಇರುತ್ತದೆ, ನಾನು ಎಲ್ಲಿಗೂ ಹೋಗುವುದಿಲ್ಲ. ಉತ್ತರವನ್ನು ಬೇರೆ ಹಾಳೆಯಲ್ಲಿ ಬರೆದು ಮನೆಯಲ್ಲೇ ಇಟ್ಟಿದ್ದೇನೆ, ಸಹಿಯ ಜಾಗ ಮಾತ್ರ ಖಾಲಿ. ಬಂದವರ ಎದುರೇ ಹಾಕುತ್ತೇನೆ. ಯಾರಾದರೂ ಬಂದು ಅದನ್ನು ತೆಗೆದುಕೊಂಡು ಹೋಗಲಿ.

ಲಾಂಬ್ರಿನಿ
ಅರೆತಿಯ ನುನಾ